ಗುಳ ಹರಿತಕ್ಕೆ ಒಂದು ಪೀಮ್

ಸಮುವೇಲನ ಮೊದಲನೆಯ ಪುಸ್ತಕದ 13ನೇ ಅಧ್ಯಾಯದ ಪ್ರಕಾರ, ದೊರೆ ಸೌಲನ ಕಾಲದಲ್ಲಿ ಇಸ್ರಾಯೇಲ್ಯರ ನಾಡಿನಲ್ಲಿ ಹುಡುಕಿದರೂ ಒಬ್ಬ ಕಮ್ಮಾರ ಸಿಗುತ್ತಿರಲಿಲ್ಲ. ಇವರು ಕತ್ತಿ, ಈಟಿ ಮಾಡಿಕೊಂಡುಬಿಟ್ಟಾರೆಂದು ಫಿಲಿಷ್ಟಿಯರು ಆ ಕಸುಬಿಗೇ ಆಸ್ಪದ ಕೊಟ್ಟಿರಲಿಲ್ಲ. ನೇಗಿಲ ಗುಳ, ಗುದ್ದಲಿ, ಕೊಡಲಿ ಹರಿತ ಮಾಡಿಸಬೇಕೆಂದರೂ ರೈತ ಬೆಟ್ಟ ಇಳಿದು ಶತ್ರುವಿನ ಕುಲುಮೆಯ ಮುಂದೆ ನಿಲ್ಲಬೇಕಿತ್ತು. ಈ ಪ್ರಸಂಗದ 21ನೇ ವಚನದಲ್ಲಿ ‘ಪೀಮ್’ ಎಂಬ ಪದವಿದೆ. ಹೀಬ್ರೂ ಬೈಬಲಿನಲ್ಲಿ ಅದು ಬೇರೆಲ್ಲೂ ಬರುವುದಿಲ್ಲ. ಪಕ್ಕದ ‘ಪೆತ್ಸಿರಾ’ ಕೂಡ ಅಷ್ಟೇ ಒಂಟಿ. ಇಂಥ ಜೋಡಿ ಅನುವಾದಕರಿಗೆ ಕೊಟ್ಟ ಕಾಟ ಸಣ್ಣದಲ್ಲ. ಕ್ರಿಸ್ತಪೂರ್ವದ ಗ್ರೀಕ್ ಅನುವಾದ ಇಲ್ಲಿ ಮೂರು ಶೆಕೆಲ್ ಎಂದು ಏನನ್ನೋ ಹೇಳಿ ಮುಗಿಸಿತು. ಜೆರೋಮನ ಲ್ಯಾಟಿನ್ ಬೈಬಲಿನಲ್ಲಿ ಗುಳಗಳ ಅಲಗು ಮೊಂಡಾಯಿತು. 1611ರ ಇಂಗ್ಲಿಷ್ ಬೈಬಲು ರೈತನ ಕೈಗೆ ಒಂದು ಅರವನ್ನೇ ಕೊಟ್ಟಿತು. ಊಹೆಗೆ ಆಧಾರವಿರಲಿಲ್ಲವೆಂದಲ್ಲ. ಹೀಬ್ರೂವಿನಲ್ಲಿ ‘ಪೆ’ ಎಂದರೆ ಬಾಯಿ. ಕತ್ತಿಯ ಅಲಗಿಗೂ ಅದೇ ಮಾತು, ನಾವು ಕೊಡಲಿಯ ಬಾಯಿ ಹೋಯಿತು ಎನ್ನುವ ಹಾಗೆ. ಹಲವು ಬಾಯಿಗಳುಳ್ಳದ್ದು ಎಂದರೆ ಅರವೇ ಇರಬೇಕೆಂದು ಪಂಡಿತರು ತರ್ಕಿಸಿದರು.

ಈ ತರ್ಕವನ್ನು ಕೆಡವಿದ್ದು ಇನ್ನೊಬ್ಬ ಪಂಡಿತನಲ್ಲ, ಅಂಗೈಯಲ್ಲಿ ಅಡಗುವಷ್ಟು ಸಣ್ಣ ಸುಣ್ಣಕಲ್ಲುಗಳು. ಅಡಿ ಚಪ್ಪಟೆ, ತಲೆ ಗುಂಡಗೆ. ತಲೆಯ ಮೇಲೆ ಹಳೆಯ ಹೀಬ್ರೂ ಲಿಪಿಯಲ್ಲಿ ಕೊರೆದ ಪ, ಯ, ಮ ಎಂಬ ಮೂರು ಅಕ್ಷರ. 20ನೇ ಶತಮಾನದ ಆರಂಭದಿಂದ ಗೆಜೆರ್, ಲಾಕೀಷ್, ಯೆರೂಸಲೇಮ್‌ಗಳ ಕಡೆ ಸಿಗುತ್ತ ಬಂದ ಇವು ಸರಿಸುಮಾರು 7.8 ಗ್ರಾಂ ತೂಗುತ್ತವೆ. ಶೆಕೆಲ್ ಕಲ್ಲುಗಳ ತೂಕ 11.3 ಗ್ರಾಂ ಆಸುಪಾಸು. ಅಂದರೆ ಪೀಮ್ ಶೆಕೆಲಿನ ಮೂರರಲ್ಲಿ ಎರಡು ಪಾಲು, ಕುಲುಮೆಗೆ ತೆರುತ್ತಿದ್ದ ಬೆಳ್ಳಿಯ ತೂಕ. ನಾಣ್ಯ ಇನ್ನೂ ಹುಟ್ಟಿರದ ಕಾಲವದು. ಬೆಳ್ಳಿಯ ತುಂಡುಗಳನ್ನು ತಕ್ಕಡಿಗೆ ಹಾಕಿಯೇ ಲೆಕ್ಕ ತೀರಿಸಬೇಕಿತ್ತು. ಸೋಜಿಗವೆಂದರೆ, ಬಾಯಿಯ ಜಾಡು ಪೂರ್ತಿ ಸುಳ್ಳಾಗಿರಲಿಕ್ಕಿಲ್ಲ. ಜೆಕರ್ಯನ ಪುಸ್ತಕದ 13ನೇ ಅಧ್ಯಾಯದಲ್ಲಿ ‘ಎರಡು ಬಾಯಿ’ ಎಂಬ ನುಡಿಗಟ್ಟಿಗೆ ಮೂರರಲ್ಲಿ ಎರಡು ಪಾಲು ಎಂದೇ ಅರ್ಥ. ಪೀಮ್ ಅದರ ಮೊಟಕು ರೂಪವೆಂಬ ವಾದವಿದೆ.

ಇಲ್ಲಿಂದ ಕೆಲವರು ಬೇಗ ಬೇಗ ಹೆಜ್ಜೆ ಹಾಕುತ್ತಾರೆ: ಕಲ್ಲು ಸಿಕ್ಕಿತು, ಆದ್ದರಿಂದ ಸೌಲನ ಕಥೆ ನಿಜ. ನನಗೆ ಇದು ಒಪ್ಪಿಗೆಯಿಲ್ಲ. ಸೌಲನದು ಕ್ರಿ.ಪೂ. 11ನೇ ಶತಮಾನದ ಕೊನೆ ಎನ್ನುತ್ತಾರೆ. ಅಕ್ಷರ ಕೊರೆದ ಈ ಕಲ್ಲುಗಳಾದರೋ ಬಹುಪಾಲು 8ನೇ ಶತಮಾನದ ಕೊನೆಯಿಂದ, 586ರಲ್ಲಿ ಯೆರೂಸಲೇಮ್ ಬಿದ್ದ ಹೊತ್ತಿನವರೆಗಿನ ಯೆಹೂದ ರಾಜ್ಯದವು. ಆದ್ದರಿಂದ ಪೀಮ್ ಕಾಲ ಹೇಳುವುದು ಕಥೆಯ ಘಟನೆಗಲ್ಲ, ಕಥೆ ಹೇಳಿದವನಿಗೆ. ಈ ತೂಕದ ಅಳತೆ ಕಲ್ಲಿಗಿಂತ ಹಳೆಯದಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಸಿರಿಯಾದ ಕಡೆ ಇದಕ್ಕೆ ಹತ್ತಿರದ ಅಳತೆ ಕಂಚಿನ ಯುಗದಲ್ಲೇ ಬಳಕೆಯಲ್ಲಿತ್ತು. ಆದರೆ ಅಳತೆ ಹಳೆಯದಿದ್ದ ಮಾತ್ರಕ್ಕೆ ಫಿಲಿಷ್ಟಿಯ ಕಮ್ಮಾರನ ದರ ಸಾಬೀತಾಗುವುದಿಲ್ಲ. ಬೆಟ್ಟದ ಊರುಗಳಲ್ಲೂ ಆ ಕಾಲದ ಕಬ್ಬಿಣ ಸಿಕ್ಕಿರುವುದರಿಂದ ಫಿಲಿಷ್ಟಿಯರ ಏಕಸ್ವಾಮ್ಯವನ್ನು ಇಂದು ಪುರಾತತ್ವದವರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮೂಲ ವಚನಗಳಲ್ಲಿ ಕಬ್ಬಿಣದ ಹೆಸರೂ ಇಲ್ಲ.

ಇದಕ್ಕೆ ತದ್ವಿರುದ್ಧ ತುದಿಯಲ್ಲಿರುವವರು, ಇವೆಲ್ಲ ಪಾರಸಿಕರ ಅಥವಾ ಗ್ರೀಕರ ಕಾಲದಲ್ಲಿ ಕಟ್ಟಿದ ಕಥೆಗಳೆನ್ನುತ್ತಾರೆ. ಪುರಾತತ್ವಜ್ಞ ವಿಲಿಯಂ ಡೀವರ್ ಇವರ ಮುಂದೆ ಪೀಮನ್ನೇ ಇಟ್ಟರು, ಈ ಮಟ್ಟಿಗೆ ಅವರ ಮಾತು ಸರಿ. ಕಲ್ಲು ಮಣ್ಣು ಸೇರಿದ ಮೇಲೆ ಪದವೂ ಮರೆತುಹೋಯಿತು. ಗ್ರೀಕ್ ಅನುವಾದಕರ ತಡವರಿಕೆಯೇ ಅದಕ್ಕೆ ಸಾಕ್ಷಿ. ಅವರ ಕಾಲದವನೊಬ್ಬ ಹೊಸದಾಗಿ ಕಥೆ ಕಟ್ಟಿದ್ದರೆ ತನ್ನ ಓದುಗರಿಗೆ ತಿಳಿಯದ ದರವನ್ನು ಯಾಕೆ ಬರೆದಾನು? ತಡವಾಗಿ ಬರೆದವನು ಹಳೆಯ ದಾಖಲೆಯಿಂದ ಪದವನ್ನು ಎತ್ತಿಕೊಂಡಿರಬಹುದು ಎಂದರೆ, ಹಳೆಯ ದಾಖಲೆ ಇತ್ತೆಂದು ಒಪ್ಪಿದಂತೆಯೇ ಆಯಿತು. ಪಠ್ಯವೇ ಕೆಟ್ಟಿದೆ ಎಂಬ ಮಾತು ವಚನದ ಉತ್ತರಾರ್ಧಕ್ಕೆ ನಿಜ. ಅಲ್ಲಿ ಮೂರು ಎಂಬ ಪದದ ಸುತ್ತ ಗೋಜಲಿದೆ. ಶೆಕೆಲಿನ ಮೂರನೇ ಒಂದು ಪಾಲು ಎಂದು ಹಲವರು ಓದುವಂತೆ ಓದಿದರೆ ಗುಳಕ್ಕೊಂದು ದರ, ಕೊಡಲಿಗೆ ಅದರ ಅರ್ಧ ಎಂದು ಲೆಕ್ಕ ಕೂಡುತ್ತದೆ. ಗ್ರೀಕಿನಲ್ಲಿ ಉಳಿದ ಆ ಮೂರು ಶೆಕೆಲ್ ಇದರದೇ ಹರಕು ನೆನಪಿರಬಹುದು.

ಪದದ ಅರ್ಥ ಸಿಕ್ಕಿದ ಮೇಲೆ ಕಥೆಯ ಕಹಿಯೂ ತಿಳಿಯುತ್ತದೆ. ನ್ಯಾಯಸ್ಥಾಪಕರ ಪುಸ್ತಕದ 17ನೇ ಅಧ್ಯಾಯದಲ್ಲಿ ಮೀಕನೆಂಬವನು ಒಬ್ಬ ಲೇವಿಯನನ್ನು ಮನೆಯ ಪೂಜಾರಿಯಾಗಿ ಇಟ್ಟುಕೊಳ್ಳುತ್ತಾನೆ. ಅನ್ನ, ಬಟ್ಟೆಯ ಮೇಲೆ ವರ್ಷಕ್ಕೆ ಹತ್ತು ಶೆಕೆಲ್ ಬೆಳ್ಳಿ ಸಂಬಳ. ಆ ಲೆಕ್ಕದಲ್ಲಿ ಗುಳವೊಂದನ್ನು ಹದಿನೈದು ಸಲ ಹರಿತ ಮಾಡಿಸಿದರೆ ಪೂಜಾರಿಯ ಇಡೀ ವರ್ಷದ ಸಂಬಳ ಕರಗುತ್ತಿತ್ತು. ಚೀಲದಲ್ಲಿ ಆ ಕಲ್ಲನ್ನೇ ಇಟ್ಟುಕೊಂಡು ಸಂತೆಗೆ ಹೋಗುತ್ತಿದ್ದ ಯೆಹೂದದ ಕೇಳುಗನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.