90 00 ಎಂದ ಕಾರ್ಡು

1999ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಪೊಲೀಸರು ಹೊಸ ಬಗೆಯ ಗುರುತಿನ ಚೀಟಿ ಕೊಡಲು ಶುರುಮಾಡಿದರು. ನೋಡಲು ಬ್ಯಾಂಕಿನ ಕಾರ್ಡಿನಂತೆಯೇ, ಮೈಮೇಲೆ ಚಿನ್ನದ ಬಣ್ಣದ ಪುಟ್ಟ ಚಿಪ್ಪು. ಕಂಪ್ಯೂಟರಿಗೆ ಜೋಡಿಸಿದ ರೀಡರಿನೊಳಗೆ ಅದನ್ನು ತೂರಿಸಿ ಪಿನ್ ಒತ್ತಿದರೆ, ಕೂತಲ್ಲಿಂದಲೇ ತಾನು ಯಾರೆಂದು ಸರ್ಕಾರಕ್ಕೆ ಸಾಬೀತು ಮಾಡಬಹುದು. ಒಂದು ದೇಶ ತನ್ನ ಪ್ರಜೆಗಳಿಗೆಂದು ಹೊರತಂದ ಇಂಥ ಕಾರ್ಡುಗಳಲ್ಲಿ ಇದು ಮೊದಲ ಸಾಲಿನದು. ಜನ ಮಾತ್ರ ಮುಗಿಬೀಳಲಿಲ್ಲ. ಫಿನ್ನರು ಆಗಲೇ ಬ್ಯಾಂಕು ಕೊಟ್ಟ ಗುಪ್ತಸಂಖ್ಯೆಗಳಲ್ಲಿ ಎಲ್ಲ ಕೆಲಸ ಮುಗಿಸಿಕೊಳ್ಳುವುದನ್ನು ರೂಢಿಸಿಕೊಂಡಿದ್ದರು.

ಆದರೆ ಅದು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹುಟ್ಟಿದ ನೆಲ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಅದನ್ನು ಬರೆಯಲು ಕೂತದ್ದು ಅಲ್ಲಿಯೇ. ಅಂಥ ಊರಿನಲ್ಲಿ ಸರ್ಕಾರ ಕೊಟ್ಟ ಕಾರ್ಡು ವಿಂಡೋಸ್ ಇಲ್ಲದ ಯಂತ್ರದಲ್ಲಿ ಬಾಯಿ ಬಿಡುವುದಿಲ್ಲ ಎಂದರೆ ಯಾರಾದರೊಬ್ಬರು ಕೆಣಕದೆ ಬಿಡುತ್ತಾರೆಯೇ?

ಬಾಯಿ ಬಿಡುವುದು ಎಂದದ್ದು ಅಲಂಕಾರಕ್ಕಲ್ಲ. ಚಿಪ್ಪಿನೊಳಗಿರುವುದು ಒಂದು ಪೂರ್ಣ ಕಂಪ್ಯೂಟರು. ಅದಕ್ಕೆ ಅದರದೇ ಪ್ರೊಸೆಸರು, ಅದರದೇ ಮೆಮೊರಿ, ಅದರದೇ ಕಾರ್ಯಾಚರಣ ವ್ಯವಸ್ಥೆ. ರೀಡರಿನಿಂದ ಕರೆಂಟು ಸಿಕ್ಕೊಡನೆ ತಾನು ಯಾವ ಮನೆತನದ ಕಾರ್ಡು ಎಂಬುದನ್ನು ಕೆಲವು ಬೈಟುಗಳಲ್ಲಿ ಹೇಳಿಕೊಳ್ಳುತ್ತದೆ. ಆಮೇಲೆ ಕೇಳಿದ್ದಕ್ಕಷ್ಟೇ ಉತ್ತರ. ಕೇಳಿದ ಕೆಲಸ ಆಯಿತೆಂದರೆ 90 00. ಅಂಥ ಕಡತವೇ ಇಲ್ಲವೆಂದರೆ 6ಎ 82. ಪಿನ್ ತಪ್ಪು, ಇನ್ನೆರಡು ಸಲ ನೋಡು ಎನ್ನಲು 63 ಸಿ2. ರುಜುವಿಗೆ ಬೇಕಾದ ಖಾಸಗಿ ಕೀಲಿ ಚಿಪ್ಪು ಬಿಟ್ಟು ಹೊರಗೆ ಬರುವುದೇ ಇಲ್ಲ. ದಾಖಲೆಯ ಸಾರವನ್ನು ಕಂಪ್ಯೂಟರು ಒಳಗೆ ಕಳಿಸುತ್ತದೆ, ಕಾರ್ಡು ರುಜು ಹಾಕಿ ಹಿಂದಿರುಗಿಸುತ್ತದೆ.

ಈ ಸಂಭಾಷಣೆಗೆ ಐಎಸ್ಓ 7816 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಹಾಗಿದ್ದರೆ ತೊಡಕೇನು? ಮಾನಕ ಕೊಡುವುದು ವ್ಯಾಕರಣವನ್ನು ಮಾತ್ರ. ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ವ್ಯಾಕರಣದ ಪುಸ್ತಕ ಒಂದೇ ಇರಬಹುದು, ಸಂತೆಯಲ್ಲಿ ನಿಂತವನಿಗೆ ಕೇಳುವ ಮಾತೇ ಬೇರೆ. ಪ್ರಮಾಣಪತ್ರ ಯಾವ ಕಡತದಲ್ಲಿದೆ, ಯಾವ ಕೀಲಿಗೆ ಯಾವ ಪಿನ್, ರುಜು ಹಾಕೆಂದು ಹೇಳುವ ಮೊದಲು ಏನೇನು ಹೇಳಬೇಕು ಎಂಬುದೆಲ್ಲ ತಯಾರಕರ ಮರ್ಜಿ. ಅದನ್ನು ಬರೆದಿಟ್ಟ ಕೈಪಿಡಿ ಸಿಗದವನಿಗೆ ಕಾರ್ಡು ಮೂಕ.

ಈ ಗುಟ್ಟಿನ ಚಾಳಿ ಹಳೆಯದು. ಜರ್ಮನಿಯ ಗ್ರೋಟ್ರುಪ್ ಮತ್ತು ಡೆಟ್‌ಲೋಫ್ 1960ರ ದಶಕದ ಕೊನೆಯಲ್ಲಿ, ಫ್ರಾನ್ಸಿನ ರೋಲಾಂ ಮೊರೆನೊ 1974ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಚಿಪ್ ಕಾರ್ಡು ಮುಂದೆ ಬೆಳೆದದ್ದು ಟೆಲಿಫೋನು, ಬ್ಯಾಂಕುಗಳ ಆಸರೆಯಲ್ಲಿ. ಅಲ್ಲಿ ಕಾರ್ಡೂ ಅವರದೇ, ರೀಡರೂ ಅವರದೇ, ನಡುವಿನ ತಂತ್ರಾಂಶವೂ ಅವರದೇ. ಹೊರಗಿನವನಿಗೆ ಕೈಪಿಡಿ ತೋರಿಸುವ ಪ್ರಮೇಯವೇ ಬರಲಿಲ್ಲ. ರಾಷ್ಟ್ರೀಯ ಗುರುತಿನ ಚೀಟಿಯ ವಿಷಯ ಹಾಗಲ್ಲ. ಕಾರ್ಡು ಸರ್ಕಾರದ್ದು, ಕಂಪ್ಯೂಟರು ಪ್ರಜೆಯದು.

ಫಿನ್ಲೆಂಡಿನಲ್ಲಿ ಕೈಪಿಡಿ ಬಹಿರಂಗವಾಗಿತ್ತು. ಕಾರ್ಡಿನೊಳಗಿನ ಜೋಡಣೆ ಪಿಕೆಸಿಎಸ್ 15 ಎಂಬ ಪ್ರಕಟಿತ ಮಾದರಿಯನ್ನು ಅನುಸರಿಸಿತ್ತು. ಆ ಮಾದರಿಯ ಉಪಾಯ ಸರಳ: ಯಾವ ವಸ್ತು ಎಲ್ಲಿದೆ ಎಂಬ ಪರಿವಿಡಿಯನ್ನು ಕಾರ್ಡು ತನ್ನಲ್ಲೇ ಇಟ್ಟುಕೊಂಡಿರಬೇಕು. ಇಷ್ಟು ಸಿಕ್ಕಿದ್ದು ಯುಹಾ ಯುರ್ಯೊಲಾ ಎಂಬ ಫಿನ್ನಿಷ್ ಪ್ರೋಗ್ರಾಮರಿಗೆ ಸಾಕಾಯಿತು. 2001ರಲ್ಲಿ ಆತ ಬರೆಯತೊಡಗಿದ, ಕಾರ್ಡಿನೊಂದಿಗೆ ಮಾತಾಡುವ ತಂತ್ರಾಂಶ ಲೈಬ್ರರಿಯೇ ಮುಂದೆ ಓಪನ್‌ಎಸ್‌ಸಿ ಎಂದು ಹೆಸರಾಯಿತು. ಅದರ ಕೆಳಗಿನ ಅಂತಸ್ತು ಅಷ್ಟರಲ್ಲಿ ತಯಾರಾಗುತ್ತಿತ್ತು. ಅಮೆರಿಕದ ಡೇವಿಡ್ ಕಾರ್ಕರನ್ ಹುಟ್ಟುಹಾಕಿದ ‘ಮಸಲ್’ ಯೋಜನೆ, ರೀಡರು ಮತ್ತು ಲಿನಕ್ಸ್ ನಡುವೆ ಮಾತು ಸಾಗಿಸುವ ಪಿಸಿಎಸ್‌ಸಿ-ಲೈಟ್ ಎಂಬ ಸೇವೆಯನ್ನು ಕೊಟ್ಟಿತ್ತು. ಒಂದೊಂದು ರೀಡರಿಗೆ ಒಂದೊಂದು ಡ್ರೈವರ್ ಹುಡುಕುವ ಗೋಳು ತಪ್ಪಿದ್ದು ಯುಎಸ್‌ಬಿ ಲೋಕದವರು ಸಿಸಿಐಡಿ ಎಂಬ ಸಾಮಾನ್ಯ ನಿಯಮವನ್ನು ಒಪ್ಪಿಕೊಂಡ ಮೇಲೆ. ಫ್ರಾನ್ಸಿನ ಲುಡೊವಿಕ್ ರೂಸೊ ಅದಕ್ಕೆ ಬರೆದ ಒಂದೇ ಡ್ರೈವರ್ ನೂರಾರು ಬಗೆಯ ರೀಡರುಗಳನ್ನು ನಡೆಸುತ್ತದೆ. ಇಂಥ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಳಾಯಿಯಲ್ಲಿ ನೀರು ಬರುವಾಗ ಪೈಪು ಹಾಕಿದವರನ್ನು ನೆನೆಯುವವರು ಯಾರು?

ಬಾಲ್ಟಿಕ್ ಸಮುದ್ರದ ಆಚೆ ದಡದ ಎಸ್ಟೋನಿಯಾದಲ್ಲಿ ಕಥೆ ಬೇರೆಯೇ ವೇಗ ಪಡೆಯಿತು. 2002ರ ಜನವರಿ 28ರಂದು ಮೊದಲ ಕಾರ್ಡು. ಅದು ಕಡ್ಡಾಯ, ಹಾಗಾಗಿ ಸುಮಾರು 13 ಲಕ್ಷ ಜನರ ದೇಶದಲ್ಲಿ ಕಾರ್ಡು ಮನೆಮನೆಗೂ ತಲುಪಿತು. ಗುರುತು ಹೇಳಲು ನಾಲ್ಕಂಕಿಯ ಪಿನ್ 1, ರುಜು ಹಾಕಲು ಐದಂಕಿಯ ಪಿನ್ 2. 2004ರ ಹೊತ್ತಿಗೆ ಮಾರ್ಟಿನ್ ಪಾಲ್ಯಾಕ್ ಬರೆದ ಎಸ್ಟೋನಿಯಾ ಕಾರ್ಡಿನ ಭಾಗ ಓಪನ್‌ಎಸ್‌ಸಿಗೆ ಸೇರಿತ್ತು. 2005ರ ಸ್ಥಳೀಯ ಚುನಾವಣೆಯಲ್ಲಿ 9,317 ಮತದಾರರು ಈ ಕಾರ್ಡಿನ ಮೂಲಕ ಇಂಟರ್ನೆಟ್ಟಿನಲ್ಲಿ ಮತ ಹಾಕಿದರು. 2007ರ ಸಂಸತ್ ಚುನಾವಣೆಯಲ್ಲಿ 30,275. ಮತ ಹಾಕುವ ಹಕ್ಕೇ ಕಾರ್ಡಿನೊಳಗೆ ಕೂತ ಮೇಲೆ, ನಿನ್ನ ಯಂತ್ರದಲ್ಲಿ ಇದು ನಡೆಯದು ಎನ್ನುವುದು ಕೇವಲ ತಾಂತ್ರಿಕ ಕೊರತೆಯಾಗಿ ಉಳಿಯುವುದಿಲ್ಲ. ರುಜು ಹಾಕುವ ಡಿಜಿಡಾಕ್ ತಂತ್ರಾಂಶದ ಸೋರ್ಸ್ ಕೋಡನ್ನು ಎಸ್ಟೋನಿಯಾ ಬಹಿರಂಗವಾಗಿಯೇ ಇಟ್ಟಿದೆ.

ಬೆಲ್ಜಿಯಂ ಇನ್ನೂ ಜಾಣ ದಾರಿ ಹಿಡಿಯಿತು. 2003ರಲ್ಲಿ 11 ಪುರಸಭೆಗಳಲ್ಲಿ ಕಾರ್ಡಿನ ಪ್ರಯೋಗ ನಡೆದಾಗ ಅದರ ತಂತ್ರಾಂಶವನ್ನು ಹೊಸದಾಗಿ ಬರೆಯುವ ಬದಲು ಓಪನ್‌ಎಸ್‌ಸಿಯ ಮೇಲೆಯೇ ಕಟ್ಟಲಾಯಿತು. ಗುತ್ತಿಗೆ ಹಿಡಿದ ಕಂಪನಿಯ ಹೆಸರು ಓಪನ್‌ಎಸ್‌ಸಿಯ ಕಡತವೊಂದರ ಹಣೆಯ ಮೇಲೆ ಇಂದಿಗೂ ಇದೆ.

ಸ್ಪೇನಿನಲ್ಲಿ ಎಡವಟ್ಟಾಯಿತು. 2006ರ ಮಾರ್ಚಿನಲ್ಲಿ ಬುರ್ಗೊಸ್ ನಗರದಲ್ಲಿ ಹೊರಬಂದ ಅಲ್ಲಿಯ ಕಾರ್ಡು ಮಾತಾಡುವ ಮೊದಲು ಕಂಪ್ಯೂಟರಿನೊಂದಿಗೆ ಗೂಢಲಿಪಿಯ ಸುರಕ್ಷಿತ ದಾರಿ ಮಾಡಿಕೊಳ್ಳಬೇಕಿತ್ತು. ಆ ದಾರಿಯ ವಿವರ ಹೊರಗೆ ಹೋಗಬಾರದೆಂದು ಪೊಲೀಸ್ ಇಲಾಖೆ ಲಿನಕ್ಸ್ ಬಳಕೆದಾರರಿಗೆ ಸೋರ್ಸ್ ಕೋಡ್ ಇಲ್ಲದ, ಸಿದ್ಧ ರೂಪದ ಮಾಡ್ಯೂಲನ್ನಷ್ಟೇ ಕೊಟ್ಟಿತು. ಇಂಥ ಮಾಡ್ಯೂಲಿನ ಪಾಡು ಅಳತೆ ಕೊಡದೆ ಹೊಲಿಸಿದ ಅಂಗಿಯದು. ಓಪನ್‌ಎಸ್‌ಸಿಯ ಆವೃತ್ತಿ ಬದಲಾದರೆ ಗುಂಡಿ ಕೂಡುವುದಿಲ್ಲ, ಬಿಚ್ಚಿ ಹೊಲಿಯಲು ನೂಲೂ ಕೈಲಿಲ್ಲ. ಇಲಾಖೆ ಪ್ರಕಟಿಸಿದ ಮಾಹಿತಿಯನ್ನೂ ಓಪನ್‌ಎಸ್‌ಸಿಯಲ್ಲಿದ್ದುದನ್ನೂ ಆಧರಿಸಿ ಸ್ವತಂತ್ರ ಪ್ರೋಗ್ರಾಮರೊಬ್ಬರು ಹೊಸ ಡ್ರೈವರ್ ಬರೆದದ್ದು ವರ್ಷಗಳ ನಂತರ. ಭದ್ರತೆಯ ಹೆಸರಿನಲ್ಲಿ ಮುಚ್ಚಿಟ್ಟದ್ದರಿಂದ ಕಳ್ಳರಿಗಿಂತ ಹೆಚ್ಚು ಕಷ್ಟಪಟ್ಟವರು ಒಳ್ಳೆಯ ಪ್ರಜೆಗಳೇ.

ಕಾರ್ಡಿನ ಮಾತು ಕಲಿತರೂ ಬ್ರೌಸರು ಕೈಕೊಡಬಹುದು. ಜಾಲತಾಣಕ್ಕೂ ಕಾರ್ಡಿಗೂ ನಡುವೆ ಸೇತುವೆಯಾಗಿದ್ದದ್ದು ಜಾವಾ ಆಪ್ಲೆಟ್ಟು ಮತ್ತು ಹಳೆಯ ಬಗೆಯ ಪ್ಲಗಿನ್ನು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಆ ಬಾಗಿಲು ಮುಚ್ಚಿದವು. ಮುಚ್ಚಿದ್ದು ಸರಿಯೇ, ಅದು ವೈರಸ್ಸುಗಳ ಹೆದ್ದಾರಿಯಾಗಿತ್ತು. ಎಸ್ಟೋನಿಯಾದವರು ಬ್ರೌಸರಿನ ಎಕ್ಸ್‌ಟೆನ್ಷನ್ ಮತ್ತು ಕಂಪ್ಯೂಟರಿನಲ್ಲಿ ಕೂರುವ ಪುಟ್ಟ ಪ್ರೋಗ್ರಾಂ ಸೇರಿಸಿ ಹೊಸ ಸೇತುವೆ ಕಟ್ಟಿಕೊಂಡರು.

ಇಷ್ಟೆಲ್ಲ ತೆರೆದಿಟ್ಟ ಎಸ್ಟೋನಿಯಾಕ್ಕೇ ದೊಡ್ಡ ಪೆಟ್ಟು ಬಿತ್ತು, ತೆರೆಯದೆ ಉಳಿದಿದ್ದ ಕಡೆಯಿಂದ. ಜೆಕ್ ದೇಶದ ಬರ್ನೊ ನಗರದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಖಾಸಗಿ ಕೀಲಿಗೆ ಜೋಡಿಯಾಗಿ ಎಲ್ಲರಿಗೂ ಕಾಣುವಂತಿರುವ ಸಾರ್ವಜನಿಕ ಕೀಲಿಗಳನ್ನು ಲಕ್ಷಾಂತರ ಸಂಖ್ಯೆಯಲ್ಲಿ ಹರಡಿಕೊಂಡು, ಯಾವ ಕೀಲಿ ಯಾವ ಲೈಬ್ರರಿಯ ಕೂಸು ಎಂಬುದನ್ನು ಅದರ ಮುಖಚರ್ಯೆಯಿಂದಲೇ ಪತ್ತೆ ಮಾಡುವುದನ್ನು ಕಲಿತಿದ್ದರು. ಇನ್ಫಿನಿಯಾನ್ ಕಂಪನಿಯ ಚಿಪ್ಪಿನ ಕೀಲಿಗಳ ಮುಖ ವಿಚಿತ್ರವಾಗಿತ್ತು. ಬಗೆದು ನೋಡಿದರೆ, ಕೀಲಿಗೆ ಬೇಕಾದ ಅವಿಭಾಜ್ಯ ಸಂಖ್ಯೆಗಳನ್ನು ಆರಿಸುವಲ್ಲಿ ಒಂದು ಅಡ್ಡದಾರಿ. ಅದರಿಂದ ಸಾರ್ವಜನಿಕ ಕೀಲಿಯಿಂದ ಖಾಸಗಿ ಕೀಲಿ ತೆಗೆಯುವುದು ಸಾಧ್ಯವಾಗುತ್ತಿತ್ತು. ‘ರೋಕಾ’ ಎಂದು ಹೆಸರಾದ ಈ ದೋಷದ ಸುದ್ದಿ 2017ರ ಆಗಸ್ಟ್ 30ರಂದು ಎಸ್ಟೋನಿಯಾಕ್ಕೆ ತಲುಪಿತು. ಸುಮಾರು 7.5 ಲಕ್ಷ ಕಾರ್ಡುಗಳು ಅದರ ತೆಕ್ಕೆಯಲ್ಲಿದ್ದವು. ನವೆಂಬರ್ 3ರ ರಾತ್ರಿ ಸರ್ಕಾರ ಆ ಕಾರ್ಡುಗಳ ಪ್ರಮಾಣಪತ್ರಗಳನ್ನು ಅಮಾನತಿನಲ್ಲಿಟ್ಟಿತು; ಕಾರ್ಡಿನ ಕೀಲಿಗಳು ಎಲಿಪ್ಟಿಕ್ ಕರ್ವ್ ಎಂಬ ಬೇರೆ ಗಣಿತಕ್ಕೆ ಬದಲಾಗಬೇಕಾಯಿತು. ಚಿಪ್ಪಿಗೆ ಸುರಕ್ಷತೆಯ ಅಧಿಕೃತ ಪ್ರಮಾಣಪತ್ರವಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಒಳಗಿನ ಕೋಡು ಹೊರಗಿನವರು ಓದುವಂತಿರಲಿಲ್ಲ.

ಭಾರತದಲ್ಲೂ ಈ ಕಥೆಯದೊಂದು ಕವಲಿದೆ. ಡ್ರೈವಿಂಗ್ ಲೈಸೆನ್ಸ್, ವಾಹನ ನೋಂದಣಿಗೆ ಸ್ಮಾರ್ಟ್ ಕಾರ್ಡು ತರುವಾಗ ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಐಸಿ ಮತ್ತು ಕಾನ್ಪುರದ ಐಐಟಿ ಸೇರಿ ಸ್ಕೋಸ್ಟಾ ಎಂಬ ಮುಕ್ತ ನಿರ್ದಿಷ್ಟತೆ ರೂಪಿಸಿದವು. ಕಾನ್ಪುರದಲ್ಲಿ ಈ ಕೆಲಸದ ಮುಂಚೂಣಿಯಲ್ಲಿದ್ದವರು ರಜತ್ ಮೂನಾ. ಯಾವ ಕಂಪನಿ ಬೇಕಾದರೂ ಅದರಂತೆ ಚಿಪ್ಪು ಮಾಡಿ ಕೊಡಬಹುದು, ರಾಜ್ಯ ಒಬ್ಬನೇ ಮಾರಾಟಗಾರನ ಮುಷ್ಟಿಗೆ ಸಿಗಬಾರದು ಎಂಬುದು ಲೆಕ್ಕ. ದೇಶದ ಕೆಲವು ಜಿಲ್ಲೆಗಳಲ್ಲಿ 2003ರಿಂದ 2009ರವರೆಗೆ ನಡೆದ ರಾಷ್ಟ್ರೀಯ ಗುರುತಿನ ಚೀಟಿಯ ಪ್ರಯೋಗದಲ್ಲೂ ಅದೇ ಸ್ಕೋಸ್ಟಾ. ಆಮೇಲೆ ಬಂದ ಆಧಾರ್ ಚಿಪ್ಪನ್ನೇ ಕೈಬಿಟ್ಟಿತು. ಆಧಾರ್ ಎಂದರೆ ಸಂಖ್ಯೆ. ಈಗ ಸಿಗುವ ಪಿವಿಸಿ ಕಾರ್ಡಿನಲ್ಲೂ ಇರುವುದು ಕ್ಯೂಆರ್ ಕೋಡು, ಚಿಪ್ಪಲ್ಲ.

ರುಜು ಹಾಕುವ ಚಿಪ್ಪು ಉಳಿದಿರುವುದು ಲೆಕ್ಕಪರಿಶೋಧಕರ, ಗುತ್ತಿಗೆದಾರರ ಕೀಗೊಂಚಲಿನಲ್ಲಿ. ಟೆಂಡರಿಗೆ, ಕಂಪನಿ ದಾಖಲೆಗೆ ಡಿಜಿಟಲ್ ರುಜು ಹಾಕಲು ಬಳಸುವ ಡಿಎಸ್‌ಸಿ ಟೋಕನ್ ಎಂದರೆ ರೀಡರೂ ಕಾರ್ಡೂ ಒಂದೇ ಕವಚದಲ್ಲಿ ಸೇರಿದ ಯುಎಸ್‌ಬಿ ಕಡ್ಡಿ. ನಮ್ಮಲ್ಲಿ ಹೆಚ್ಚು ಓಡಾಡುವ ಇಪಾಸ್ 2003 ಮಾದರಿಗೂ ಓಪನ್‌ಎಸ್‌ಸಿಯಲ್ಲಿ ಡ್ರೈವರ್ ಇದೆ. ಬೆಂಗಳೂರಿನ ಯಾವುದೋ ಕಚೇರಿಯ ಲಿನಕ್ಸ್ ಯಂತ್ರಕ್ಕೆ ಅದನ್ನು ಸಿಕ್ಕಿಸಿದಾಗ 90 00 ಎಂಬ ಉತ್ತರವನ್ನು ಓದುವ ಲೈಬ್ರರಿಯ ಸೋರ್ಸ್ ಕೋಡ್ ತೆರೆದರೆ, ಅದರ ಮೂಲ ಕಡತಗಳ ತಲೆಯ ಮೇಲೆ ಈಗಲೂ ಯುಹಾ ಯುರ್ಯೊಲಾ ಎಂಬ ಹೆಸರು, 2001 ಎಂಬ ಇಸವಿ ಕಾಣುತ್ತವೆ.