ಬಿಟ್ಟಿ ಬೇರೆ, ಬಿಡುಗಡೆ ಬೇರೆ



ಸ್ವಲ್ಪ ಉದ್ದದ ಪೋಸ್ಟ್. ಕಂಪ್ಯೂಟರ್ ವಿಷಯ ಅಂತ ಬಿಟ್ಟು ಮುಂದೆ ಹೋಗಬೇಡಿ, ಇದರೊಳಗೆ ನಮ್ಮ ಜಮೀನಿನ ವಿಷಯಾನೂ ಇದೆ.

ಹೋದ ತಿಂಗಳು ಕಡಹಿನಬೈಲಿನ ನಮ್ಮ ಸಂಘದ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಅದರಲ್ಲಿ ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ ಕಾಲದ ಫೈಲುಗಳಿದ್ದವು. 2006ರ ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೀವಿ ಅಂತ ತೋರಿಸಬೇಕು. ದಲಿತರಾದ ನಾವೂ ಆ ಸಾಲಿನಲ್ಲೇ ನಿಲ್ಲಬೇಕು. ಪಹಣಿಯೇ ಇಲ್ಲದವರ ಹತ್ತಿರ 75 ವರ್ಷದ ಕಾಗದ ಎಲ್ಲಿಂದ ಬರಬೇಕು? ಊರಿನ ಹಿರಿಯರ ಹೇಳಿಕೆಯೂ ಸಾಕ್ಷಿ ಆಗುತ್ತೆ ಅಂತ ನಿಯಮದಲ್ಲಿದೆ. ಅದಕ್ಕೇ ಆಗ ಅಜ್ಜ ಅಜ್ಜಿಯರ ಮುಂದೆ ಕೂತು ಬರೆದುಕೊಂಡು, ರಾತ್ರಿ ಟೈಪ್ ಮಾಡಿ ಇಟ್ಟಿದ್ದೆ. ಅವರಲ್ಲಿ ಹಲವರು ಈಗ ಇಲ್ಲ.

ಹಾರ್ಡ್ ಡಿಸ್ಕ್ ಬಿಚ್ಚಿಸಿ ಬೇರೆ ಕಂಪ್ಯೂಟರಿಗೆ ಹಾಕಿಸಿದೆ. ಅದರಲ್ಲಿದ್ದ ಆಫೀಸ್ ಪ್ರೋಗ್ರಾಂ ಲೈಸೆನ್ಸ್ ಕೀ ಕೇಳಿತು. ನಮ್ಮ ಹತ್ತಿರ ಎಲ್ಲಿದೆ ಕೀ, ಯಾವತ್ತೂ ಅಂಗಡಿಯವರು ಹಾಕಿಕೊಟ್ಟ ಕಳ್ಳ ಕಾಪಿಯೇ. ಕೊನೆಗೆ ಪರಿಚಯದ ಹುಡುಗನೊಬ್ಬ ಲಿಬ್ರೆಆಫೀಸ್ ಹಾಕಿಕೊಟ್ಟ. ಫೈಲ್ ತೆರೀತು. ಆದರೆ ಒಳಗೆ ಕನ್ನಡ ಇಲ್ಲ! ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಬಾಲ ಅಂಟಿಸಿದ ಹಾಗೆ ಏನೇನೋ. ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕ ಚರಿತ್ರೆ ಇದು.

1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಅನ್ನೋ ಪ್ರೋಗ್ರಾಮರ್ ಇದ್ದರು. ಅವರ ಲ್ಯಾಬಿನ ಪ್ರಿಂಟರಿನಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿನ ಪ್ರೋಗ್ರಾಂ ಅನ್ನು ಅವರೇ ತಿದ್ದಿಕೊಂಡಿದ್ದರು. ಹೊಸದರ ಕೋಡ್ ಕೇಳಿದರೆ ಕೊಡಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. ಪ್ರೋಗ್ರಾಂ ಬಳಸುವ, ಒಳಗೇನಿದೆ ನೋಡಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಹಕ್ಕು ಬಳಸುವವರದ್ದು ಅನ್ನೋದು ಅದರ ತಿರುಳು. 1991ರಲ್ಲಿ ಲಿನಕ್ಸ್ ಬಂತು. ‘ಓಪನ್ ಸೋರ್ಸ್’ ಅನ್ನೋ ಹೆಸರು 1998ರದ್ದು.

ಇಂಗ್ಲಿಷಿನ ‘ಫ್ರೀ’ ಪದ ಅವರಿಗೆ ದೊಡ್ಡ ತಲೆನೋವು. ದುಡ್ಡು ಬೇಡ ಅಂತಲೋ, ಸ್ವತಂತ್ರ ಅಂತಲೋ? ನಮಗೆ ಆ ಗೊಂದಲ ಇಲ್ಲ. ‘ಬಿಟ್ಟಿ’ ಅಂದರೆ ಏನು ಅಂತ ನಮ್ಮ ಅಪ್ಪಂದಿರ ಬೆನ್ನಿಗೆ ಗೊತ್ತು. ಸಂವಿಧಾನದ 23ನೇ ವಿಧಿ ನಿಷೇಧಿಸಿದ್ದು ಆ ಬಿಟ್ಟಿ ಚಾಕರಿಯನ್ನೇ. ತೋಟದ ಲೈನ್ ಮನೆಗೂ ಬಾಡಿಗೆ ಇಲ್ಲ. ಆದರೆ ಗೋಡೆಗೆ ಮೊಳೆ ಹೊಡೆಯಲು ಸಾಹುಕಾರರನ್ನ ಕೇಳಬೇಕು, ತೋಟ ಮಾರಿದರೆ ಗಂಟುಮೂಟೆ ಕಟ್ಟಬೇಕು.

ಆಫೀಸ್ ಪ್ರೋಗ್ರಾಂ ಕಥೆಯಲ್ಲೂ ಹೀಗೇ ತೋಟ ಮಾರಾಟ ಆಯ್ತು. ಜರ್ಮನಿಯ ಒಂದು ಕಂಪನಿಯ ಸ್ಟಾರ್‌ಆಫೀಸ್ ಅನ್ನು 1999ರಲ್ಲಿ ಸನ್ ಕಂಪನಿ ಕೊಂಡಿತು, 2000ದಲ್ಲಿ ಕೋಡ್ ತೆರೆದಿಟ್ಟಿತು. ಅದೇ ಓಪನ್‌ಆಫೀಸ್. 2010ರಲ್ಲಿ ಸನ್ ಅನ್ನೇ ಒರಾಕಲ್ ಕೊಂಡಿತು. ಹೊಸ ಧಣಿಯ ಮೇಲೆ ನಂಬಿಕೆ ಬಾರದ ಕೆಲಸಗಾರರು ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೋಡ್ ಎತ್ತಿಕೊಂಡು ಹೊರಬಂದು ಲಿಬ್ರೆಆಫೀಸ್ ಕಟ್ಟಿದರು. ಕೋಡ್ ಎಲ್ಲರದ್ದೂ ಆಗಿದ್ದರಿಂದ ಯಾರೂ ತಡೆಯೋ ಹಾಗಿರಲಿಲ್ಲ. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬ ಇಷ್ಟವಾದ ಭಾಗ ಇದು.

ಕನ್ನಡಕ್ಕೆ ಬರೋಣ. ಕೆ.ಪಿ. ರಾವ್ ತಮ್ಮ ಕೀಲಿಮಣೆ ವಿನ್ಯಾಸವನ್ನು ಕಾಸು ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಇವತ್ತು ನಾನು ಟೈಪ್ ಮಾಡ್ತಿರೋದು ಅದರಲ್ಲೇ. ಬರಹ, ನುಡಿ ಕೂಡ ದುಡ್ಡಿಲ್ಲದೆ ಸಿಕ್ಕವು, ಅವು ಇಲ್ಲದಿದ್ದರೆ ನಮ್ಮ ಒಂದು ಕರಪತ್ರವೂ ಆಗ್ತಿರಲಿಲ್ಲ, ಆ ಋಣ ಇದೆ. ಆದರೆ ಹಳೇ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಇತ್ತು. ನಮ್ಮ ಕಚೇರಿಗಳು, ಡಿಟಿಪಿ ಅಂಗಡಿಗಳು ಅಲ್ಲಿಗೆ ಹೋಗೋಕೆ ಎಷ್ಟು ವರ್ಷ ತಗೊಂಡವು ಅಂತ ಗುಮಾಸ್ತನಾದ ನನ್ನನ್ನ ಕೇಳಿ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ಹತ್ತಿರದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಬಾಬಾಸಾಹೇಬರ ಹೆಸರಿನಲ್ಲೇ ಒಂದು ಕೇಂದ್ರ ಶುರುವಾಗಿತ್ತು, ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್. ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಕಟ್ಟಿದ್ದು. ಅಲ್ಲಿನ ಮಕ್ಕಳು ಲಿನಕ್ಸ್ ಕಲಿತರು, ಗಿಂಪ್ ಅನ್ನೋ ಮುಕ್ತ ಪ್ರೋಗ್ರಾಮಿನಲ್ಲಿ ಚಿತ್ರ ಬಿಡಿಸಿದರು. ಗ್ನೂ ಯೋಜನೆಯವರು ಜಗತ್ತಿಗೆ ತೋರಿಸೋ ಉದಾಹರಣೆಗಳಲ್ಲಿ ಅದೂ ಒಂದು. ನಮ್ಮ ಎಷ್ಟು ಜನ ಮುಖಂಡರಿಗೆ ಇದು ಗೊತ್ತು?

ಸರ್ಕಾರದ ಕಡೆಯಿಂದಲೂ ಕಾಗದ ಇದೆ. ಸರ್ಕಾರಿ ಕೆಲಸಕ್ಕೆ ಓಪನ್ ಸೋರ್ಸ್ ಬಳಸಬೇಕು ಅಂತ ಕೇಂದ್ರ 2015ರಲ್ಲೇ ನೀತಿ ತಂದಿದೆ. ಮಹಾಡ್ ನೆನಪಾಗುತ್ತೆ. ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ನಮ್ಮವರು ಆ ನೀರು ಮುಟ್ಟಿದ್ದು 1927ರ ಮಾರ್ಚ್ 20ಕ್ಕೆ, ಬಾಬಾಸಾಹೇಬರು ಇಳಿದ ಮೇಲೆ. ಕೆರೆಯ ನೀರಿಗೂ ಕೋಡಿಗೂ ಹೋಲಿಕೆ ಅತಿಯಾಯ್ತು ಅನ್ನಬಹುದು ನೀವು. ಇಲ್ಲಿ ನಮ್ಮನ್ನ ಯಾರೂ ಹೊಡೆದು ಓಡಿಸ್ತಿಲ್ಲ, ನಿಜ. ನಾವೇ ಇಳೀತಿಲ್ಲ.

ಆ ಫೈಲುಗಳ ಕಥೆ ಹೇಳ್ತೀನಿ. ಹಳೇ ಅಕ್ಷರಗಳನ್ನು ಯುನಿಕೋಡಿಗೆ ತಿರುಗಿಸೋ ಪ್ರೋಗ್ರಾಂ ಒಂದನ್ನು ಕನ್ನಡದ ಸ್ವಯಂಸೇವಕರು ಬರೆದು ಕೋಡ್ ಸಮೇತ ಇಟ್ಟಿದ್ದಾರೆ. ಅದರಲ್ಲಿ ಹಾಕಿ ತೆಗೆದೆ. ಮೊದಲನೇ ಹೇಳಿಕೆಯೇ ಗದ್ದೆ ನಾಟಿಗೆ ಜತೆಗೆ ಹೋಗ್ತಿದ್ದ ನಮ್ಮ ದೊಡ್ಡಜ್ಜಿಯದ್ದು. ಒಂದೆರಡು ಒತ್ತಕ್ಷರ ತಪ್ಪಿತ್ತು, ಉಳಿದದ್ದೆಲ್ಲ ಅವರ ಮಾತೇ. ಸ್ವಲ್ಪ ಹೊತ್ತು ಮುಂದಕ್ಕೆ ಓದೋಕೆ ಆಗಲಿಲ್ಲ.

ಇನ್ನೂ 19 ಹೇಳಿಕೆ ತಿದ್ದೋದು ಬಾಕಿ ಇದೆ. ನಿಮ್ಮ ಸಂಘದ ಹಳೇ ಸಿಡಿ, ಪೆನ್‌ಡ್ರೈವ್ ಇದ್ದರೆ ತನ್ನಿ, ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲೇ ಇರ್ತೀನಿ. ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದು ಅಂತ ನೆನಪಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.