ಗಣಿಗಿಳಿದ ಹೆಂಗಸರು

ಇದು ಗಂಡಸಿನ ಕೆಲಸ, ಅದು ಹೆಂಗಸಿನ ಕೆಲಸ ಎಂದು ಗೆರೆ ಎಳೆದವರು ಯಾರು? ಪ್ರಕೃತಿಯೇ ಎಳೆದಿದೆ ಅಂತಾರೆ ಪಂಡಿತರು. ಹಾಗಾದರೆ ಕಲ್ಲಿದ್ದಲು ಗಣಿಗಳ ಚರಿತ್ರೆಯನ್ನು ಒಮ್ಮೆ ನೋಡೋಣ.

ಇಂಗ್ಲೆಂಡಿನ ಗಣಿಗಳಲ್ಲಿ ಹೆಣ್ಣುಮಕ್ಕಳು ಸೊಂಟಕ್ಕೆ ಸರಪಳಿ ಬಿಗಿದುಕೊಂಡು, ಕೈಕಾಲೂರಿ ತೆವಳುತ್ತಾ ಕಲ್ಲಿದ್ದಲಿನ ಬಂಡಿ ಎಳೆಯುತ್ತಿದ್ದರು. 1842ರ ಆಯೋಗದ ವರದಿಯಲ್ಲಿ ಅವರ ಚಿತ್ರಗಳನ್ನು ಕಂಡ ದೊಡ್ಡಮನೆಯವರು ಬೆಚ್ಚಿದರು. ಬೆಚ್ಚಿಸಿದ್ದು ಸರಪಳಿಗಿಂತ ಹೆಚ್ಚಾಗಿ ಅರೆಬೆತ್ತಲೆ ಮೈ! ಹೆಂಗಸರು ನೆಲದಡಿ ಇಳಿಯಕೂಡದೆಂದು ಅದೇ ವರ್ಷ ಕಾಯಿದೆಯಾಯಿತು. ಹೋದ ಕೂಲಿಗೆ ಬದಲು ಕೂಲಿ? ಆ ಮಾತೇ ಇಲ್ಲ. ಗಣಿಯ ಮೇಲೆ ಕಲ್ಲಿದ್ದಲು ಆರಿಸುತ್ತಿದ್ದ ಹೆಂಗಸರನ್ನೂ ಹೊರದಬ್ಬಲು ಹೊರಟಾಗ, 1887ರಲ್ಲಿ ಅವರು ಲಂಡನ್ನಿಗೇ ಹೋಗಿ ಮಂತ್ರಿಯ ಮುಂದೆ ನಿಂತರು. ಕೆಲಸ ಉಳಿಸಿಕೊಂಡರು.

ಅದೇ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಝರಿಯಾ, ರಾಣಿಗಂಜ್‌ಗಳಲ್ಲಿ ಬೇರೆ ನ್ಯಾಯ. ಅಲ್ಲಿ ಸಂತಾಲರು, ಬೌರಿಗಳು ಗಂಡಹೆಂಡಿರಾಗಿ ಗಣಿಗಿಳಿದರು. ಗಂಡ ಕಡಿದದ್ದನ್ನು ಹೆಂಡತಿ ಬುಟ್ಟಿಯಲ್ಲಿ ಹೊತ್ತಳು. ಅವಳ ಮರ್ಯಾದೆಯ ಚಿಂತೆ ಧಣಿಗಳಿಗೆ ಯಾಕೆ ಬಂದೀತು? ಅಗ್ಗದ ಕೂಲಿಯಲ್ಲವೇ! 1929ರ ನಿಯಮದಂತೆ ಅವರ ಸಂಖ್ಯೆ ವರ್ಷವರ್ಷ ಇಳಿಸಿ, 1937ರಲ್ಲಿ ಪೂರಾ ನಿಷೇಧ ಮಾಡಿದರು. 1943ರಲ್ಲಿ ಯುದ್ಧಕ್ಕೆ ಕಲ್ಲಿದ್ದಲು ಸಾಲದಾಯ್ತು, ನಿಷೇಧ ಎದ್ದುಹೋಯ್ತು. ನಿನ್ನೆ ತಪ್ಪಾಗಿದ್ದದ್ದು ಇವತ್ತು ದೇಶಸೇವೆ!

ಆಗ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬ್ ಅಂಬೇಡ್ಕರರದು. 1944ರ ಫೆಬ್ರವರಿಯಲ್ಲಿ ಶಾಸನಸಭೆಯಲ್ಲಿ ಈ ಕ್ರಮವನ್ನು ಸಮರ್ಥಿಸುವ ಹೊಣೆ ಅವರ ಮೇಲೆ ಬಿತ್ತು. ತುರ್ತಿನ ಕ್ರಮವೆಂದು ಒಪ್ಪಿಕೊಂಡೇ ಅವರು ಒಂದು ತತ್ವವನ್ನು ಎತ್ತಿಹಿಡಿದರು: ಗಂಡಾಗಲಿ ಹೆಣ್ಣಾಗಲಿ, ಸಮಾನ ಕೆಲಸಕ್ಕೆ ಸಮಾನ ಕೂಲಿ. ಈ ಮಾತನ್ನು ನಾವು ಮರೆಯಕೂಡದು. ಹೆಂಗಸರನ್ನು ಮತ್ತೆ ಕತ್ತಲಿಗಿಳಿಸಿದ್ದು ಯುದ್ಧದ ಹಸಿವು ಎಂಬುದನ್ನೂ ಮುಚ್ಚಿಡಕೂಡದು.

ಯುದ್ಧ ಮುಗಿಯಿತು. 1946ರಲ್ಲಿ ನಿಷೇಧ ಮರಳಿತು. ಸ್ವತಂತ್ರ ಭಾರತದ 1952ರ ಗಣಿ ಕಾಯಿದೆಯೂ ಅದನ್ನೇ ಮುಂದುವರಿಸಿತು. 2019ರಲ್ಲಿ ನೆಲದಡಿಯ ಬಾಗಿಲು ತೆರೆದಾಗ ಕರೆದದ್ದು ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಕೆಲಸದವರನ್ನು. ಬುಟ್ಟಿ ಹೊತ್ತವಳ ಮೊಮ್ಮಗಳಿಗೆ ಆ ಓದು ಸಿಕ್ಕಿತ್ತೇ?

ಇಷ್ಟು ವರ್ಷಗಳಲ್ಲಿ ಹೆಂಗಸಿನ ಮೈಯಾಗಲಿ ಗಣಿಯ ಕತ್ತಲಾಗಲಿ ಬೇರೆಯಾಗಲಿಲ್ಲ. ಧಣಿಯ ಲೆಕ್ಕ, ಸರ್ಕಾರದ ಗರಜು ಬದಲಾದಂತೆ ಗೆರೆ ಅತ್ತಿತ್ತ ಸರಿಯಿತು. ಇಳಿ ಎಂದಾಗಲೂ ಏಳು ಎಂದಾಗಲೂ ಅವಳನ್ನು ಯಾರೂ ಕೇಳಲಿಲ್ಲ. ಗೆಳೆಯರೇ, ಹೆಂಗಸಿಗೆ ಯಾವ ಕೆಲಸ ಒಪ್ಪುತ್ತದೆ ಎಂದು ಭಾಷಣ ಬಿಗಿಯುವವರು ಸಿಕ್ಕರೆ ಎರಡೇ ಪ್ರಶ್ನೆ ಹಾಕೋಣ: ಅವಳ ಕೂಲಿ ಎಷ್ಟು? ತೀರ್ಮಾನ ಯಾರದು?